ಮೇಡಂ ಅವರ 'ಗ' ಪ್ರತಿ

ಸ್ಟಾಫ್ ರೂಮಿನಲ್ಲಿ ಯಾರಾದರೂ ಒಂದು ಸುದ್ದಿ ಹೇಳಿ ಮುಗಿಸಿದರೆ ಕನ್ನಡ ವಿಭಾಗದ ಮೇಡಂ ಕನ್ನಡಕ ತೆಗೆದು, ಸೆರಗಿನ ಅಂಚಿನಲ್ಲಿ ಒರೆಸುತ್ತ, "ಇದು ಯಾವ ಪ್ರತಿಯಲ್ಲಿದೆ?" ಎಂದು ಕೇಳುತ್ತಿದ್ದರು. ಪ್ರಿನ್ಸಿಪಾಲರಿಗೆ ವರ್ಗವಾಗಿದೆಯಂತೆ ಎಂಬ ಸುದ್ದಿಯಿರಲಿ, ಸಂತೆಗೆ ಒಳ್ಳೆ ಬದನೆಕಾಯಿ ಬಂದಿದೆಯಂತೆ ಎಂಬ ಸುದ್ದಿಯಿರಲಿ, ಅವರಿಗೆ ಮೂಲ ಬೇಕು. ಪ್ಯೂನ್ ಹೇಳಿದ್ದು ಒಂದು ಪಾಠ, ಗುಮಾಸ್ತರು ಹೇಳಿದ್ದು ಇನ್ನೊಂದು ಪಾಠ. ಎರಡನ್ನೂ ಎದುರುಬದುರು ಇಟ್ಟು ನೋಡದೆ ನಂಬುವುದು ಅವರ ಜಾಯಮಾನದಲ್ಲಿರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರೆಂದು ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದೂ ಅದೇ ಪ್ರಶ್ನೆ. ಸಂಜೆ ಅವರ ಯಜಮಾನರೇ ಫೋನ್ ಮಾಡಿದರು. ಅಲ್ಲಿಗೆ ಸುದ್ದಿ ಮೂಲದಿಂದಲೇ ಬಂದಂತಾಯಿತು. ಅಳುವಿನ ಜೊತೆಗೆ ನಗುವೂ ಬಂದರೆ ಏನು ಮಾಡಬೇಕೆಂದು ತಿಳಿಯದೆ ಫೋನಿನ ಪಕ್ಕದಲ್ಲೇ ಬಹಳ ಹೊತ್ತು ಕೂತಿದ್ದೆ.

ಮೇಡಂ ಎಂ.ಎ.ಯಲ್ಲಿ ವಿಶೇಷವಾಗಿ ಓದಿದ್ದು ಗ್ರಂಥ ಸಂಪಾದನೆ. ಒಂದೇ ಕಾವ್ಯದ ನಾಲ್ಕಾರು ಓಲೆಗರಿ ಪ್ರತಿಗಳನ್ನು ಕೂಡಿಸಿ, ಒಂದಕ್ಕೆ 'ಕ' ಎಂದೂ ಇನ್ನೊಂದಕ್ಕೆ 'ಖ' ಎಂದೂ ಮತ್ತೊಂದಕ್ಕೆ 'ಗ' ಎಂದೂ ಹೆಸರಿಟ್ಟು, ಸಾಲುಸಾಲಾಗಿ ಹೋಲಿಸಿ, ನಕಲು ಮಾಡಿದವರ ತಪ್ಪುಗಳನ್ನೆಲ್ಲ ಕಳೆದು, ಕವಿ ಬರೆದದ್ದು ಏನಿರಬಹುದೆಂದು ತೀರ್ಮಾನಿಸುವ ವಿದ್ಯೆ ಅದು. ಶಿಕಾರಿಪುರದ ಕಾಲೇಜಿನಲ್ಲಿ ಆ ವಿದ್ಯೆಗೆ ಹೆಚ್ಚು ಕೆಲಸವಿರಲಿಲ್ಲ. ಹಾಗಾಗಿ ಕೈಗೆ ಸಿಕ್ಕಿದ್ದಕ್ಕೆಲ್ಲ ಅವರು ಅದನ್ನು ಬಳಸುತ್ತಿದ್ದರು. ಸಾರಿನ ಪುಡಿಗೆ ಅತ್ತೆ ಹೇಳುವ ಅಳತೆಗೂ ನಾದಿನಿ ಹೇಳುವ ಅಳತೆಗೂ ವ್ಯತ್ಯಾಸ ಕಂಡು, "ಕೊತ್ತಂಬರಿ ಜಾಸ್ತಿ ಇರೋದು ಪ್ರಕ್ಷಿಪ್ತ. ಆಮೇಲೆ ಯಾರೋ ಸೇರಿಸಿದ್ದು" ಎಂದು ತೀರ್ಪು ಕೊಟ್ಟಿದ್ದರು. ನಾದಿನಿ ಒಂದು ವರ್ಷ ಸರಿಯಾಗಿ ಮಾತಾಡಿರಲಿಲ್ಲ.

ಒಮ್ಮೆ ವಿದ್ಯಾರ್ಥಿಗಳನ್ನು ಬಂದಳಿಕೆಗೆ ಕರೆದುಕೊಂಡು ಹೋಗಿದ್ದೆವು. ಒಂದು ಶಾಸನದ ಮುಂದೆ ಕುಕ್ಕರಗಾಲಲ್ಲಿ ಕೂತ ಮೇಡಂ ಊಟದ ಹೊತ್ತು ಮೀರಿದರೂ ಏಳಲಿಲ್ಲ. ಒಂದು ಅಕ್ಷರ ಸವೆದಿತ್ತು. ಅದು 'ಪ' ಇರಬೇಕೋ 'ಷ' ಇರಬೇಕೋ ಗೊತ್ತಾಗುತ್ತಿರಲಿಲ್ಲ. ಹುಡುಗರು ಆಗಲೇ ಚಿತ್ರಾನ್ನದ ಡಬ್ಬಿಗಳನ್ನು ಬಿಚ್ಚಿದ್ದರು. "ಹೆಂಗಾದ್ರೂ ಓದಿ ಮೇಡಂ, ದಾನ ಕೊಟ್ಟೋನು ಹೆಂಗೂ ಸತ್ತೋಗ್ಯಾನೆ" ಎಂದು ಒಬ್ಬ ಗೊಣಗಿದ. ಮೇಡಂ ತಿರುಗಿ ನೋಡದೆಯೇ ಹೇಳಿದರು:

"ಸತ್ತಿದಾನೆ ಅಂತಲೇ ಸರಿಯಾಗಿ ಓದಬೇಕಪ್ಪ. ಎದ್ದು ಬಂದು ತಿದ್ದೋಕಾಗಲ್ಲ ಅವನಿಗೆ."

ನಾನು ಆ ಕಾಲೇಜಿಗೆ ಇಂಗ್ಲಿಷ್ ಕಲಿಸಲು ಬಂದದ್ದು ತೊಂಬತ್ತರ ದಶಕದ ಮೊದಲ ಭಾಗದಲ್ಲಿ. ಊರು ಹೊಸದು, ಪರಿಚಯದವರು ಯಾರೂ ಇಲ್ಲ. ಮೇಡಂ ತಮ್ಮ ಮನೆಯ ಹಿಂದಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟರು. ಮನೆಯಲ್ಲಿ ಅವರೂ ಅವರ ಅತ್ತೆಯೂ ಇಬ್ಬರೇ. ಹಣೆತುಂಬ ವಿಭೂತಿ ಹಚ್ಚಿ ನಡುಮನೆಯ ಮಂಚದ ಮೇಲೆ ಕೂತಿರುತ್ತಿದ್ದ ಅತ್ತೆಗೆ ಕಣ್ಣು ಚೆನ್ನಾಗಿತ್ತು, ಕಿವಿ ಅಷ್ಟಕ್ಕಷ್ಟೆ. ಮೇಡಂ ಅವರ ಯಜಮಾನರು ಆನವಟ್ಟಿಯಲ್ಲಿ ದನದ ಡಾಕ್ಟರು. ಅಲ್ಲೇ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿದ್ದು, ಶನಿವಾರ ಸಂಜೆಯ ಬಸ್ಸಿಗೆ ಶಿಕಾರಿಪುರಕ್ಕೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ಎತ್ತರದ ಆಳು. ಮೈಗೆ ಎಷ್ಟು ಸೋಪು ಹಾಕಿದರೂ ಫಿನಾಯಿಲ್ ವಾಸನೆ ಹೋಗದು. ಅವರು ಬಂದ ಅರ್ಧ ಗಂಟೆಗೆಲ್ಲ ಗಂಡಹೆಂಡಿರ ನಡುವೆ ವಾದ ಶುರುವಾಗುತ್ತಿತ್ತು.

"ಹೋದ."

"ಇದಾನೆ ಕಣೇ."

"ಹೋದ ಅಂದ್ನಲ್ರೀ."

ಬಂದ ಹೊಸದರಲ್ಲಿ ಇವರು ಮಾತಾಡುತ್ತಿರುವುದು ಮನೆಯ ಕೆಲಸದ ಆಳಿನ ಬಗ್ಗೆ ಇರಬೇಕೆಂದು ನಾನು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅವರು ಜಗಳವಾಡುತ್ತಿದ್ದದ್ದು ಫ್ರಾನ್ಸ್ ದೇಶದ ಒಬ್ಬ ಬ್ರೆಡ್ಡಿನ ವ್ಯಾಪಾರಿಯ ಬಗ್ಗೆ.

ಆ ಕತೆಯನ್ನು ಮೇಡಂ ಅವರೇ ನನಗೆ ಹೇಳಿದರು. ಇವರ ನಿಶ್ಚಿತಾರ್ಥವಾದಾಗ ಮೇಡಂ ಬೆಂಗಳೂರಿನಲ್ಲಿ ಎಂ.ಎ. ಓದುತ್ತಿದ್ದರು, ಡಾಕ್ಟರು ಅಲ್ಲೇ ಕೊನೆಯ ವರ್ಷದ ವಿದ್ಯಾರ್ಥಿ. ಒಂದು ಭಾನುವಾರ ಮಧ್ಯಾಹ್ನ ಡಾಕ್ಟರು ಹಾಸ್ಟೆಲಿನ ಗೆಳೆಯನಿಂದ ಎರಡು ಪಾಸು ಪಡೆದು ಭಾವಿ ಹೆಂಡತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋದರು. ಅದು ಕನ್ನಡ ಸಿನಿಮಾ ಎಂದೇ ಇಬ್ಬರ ನಂಬಿಕೆ. ಒಳಗೆ ಕೂತ ಮೇಲೆ ನೋಡಿದರೆ ಫಿಲಂ ಸೊಸೈಟಿಯವರು ಹಾಕಿದ ಫ್ರೆಂಚ್ ಸಿನಿಮಾ, ಕಪ್ಪು ಬಿಳುಪು. ಎದ್ದು ಬರುವುದು ಹೇಗೆಂದು ಇಬ್ಬರಿಗೂ ಸಂಕೋಚ.

ಕತೆ ದೊಡ್ಡದೇನಲ್ಲ. ಬಯಲಿನ ನಡುವೆ ಒಂದು ರೈಲ್ವೆ ಗೇಟು. ಅದನ್ನು ಹಾಕಿ ತೆಗೆಯುವ ಕೆಲಸ ಒಬ್ಬ ವಿಧವೆಯದು. ದಿನವೂ ಒಂದು ಬ್ರೆಡ್ಡಿನ ವ್ಯಾನು ಅಲ್ಲಿಗೆ ಬರುತ್ತದೆ, ದಿನವೂ ಗೇಟು ಹಾಕಿರುತ್ತದೆ. ವ್ಯಾನಿನವನು ಇಳಿದು ಕಾಯುತ್ತಾನೆ. ಇಬ್ಬರೂ ಏನೋ ಒಂದೆರಡು ಮಾತಾಡುತ್ತಾರೆ, ರೈಲು ಬಂದು ಹೋಗುತ್ತದೆ, ಅವಳು ಗೇಟು ಎತ್ತುತ್ತಾಳೆ, ಅವನು ಹೊರಡುತ್ತಾನೆ. ಹೀಗೇ ಚಳಿಗಾಲ ಬರುತ್ತದೆ, ಹೋಗುತ್ತದೆ. ಕೊನೆಯ ದಿನ ಅವನು, ಇನ್ನು ಮೇಲೆ ಈ ದಾರಿಗೆ ನನ್ನನ್ನು ಹಾಕುವುದಿಲ್ಲವಂತೆ ಎನ್ನುತ್ತಾನೆ. ರೈಲು ಬಂದು ಹೋಗುತ್ತದೆ. ಅವಳು ಗೇಟು ಎತ್ತಿ ಕಂಬಕ್ಕೆ ಕೈಯಾನಿಸಿ ನಿಲ್ಲುತ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ.

ಅವನು ಹೋದನೆ, ಇಲ್ಲವೆ? ಸಿಟಿ ಬಸ್ಸಿನಲ್ಲಿ ವಾಪಸು ಬರುವಾಗ ಮೇಡಂ "ಪಾಪ, ಹೋಗೇಬಿಟ್ಟ" ಎಂದರಂತೆ. ಪಕ್ಕದಲ್ಲಿದ್ದ ಭಾವಿ ಪತಿ "ಇಲ್ಲ, ಹೋಗಲಿಲ್ಲ. ಅಲ್ಲೇ ಇದ್ದ" ಎಂದರಂತೆ. ಮೇಡಂ ಕೂತದ್ದು ಒಂದು ಕಂಬದ ಮಗ್ಗುಲಿಗೆ, ಮುಂದಿನ ಸಾಲಿನ ಹೆಂಗಸಿನ ತುರುಬೋ ದೊಡ್ಡದು. ಆದರೂ ರಸ್ತೆ ಖಾಲಿ ಇದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂಬ ಮಾತನ್ನು ಅವರು ಬಿಡಲಿಲ್ಲ. ಮದುವೆಯಾಯಿತು, ಮಗಳು ಹುಟ್ಟಿ ದೊಡ್ಡವಳಾಗಿ ದಾವಣಗೆರೆಗೆ ಮದುವೆಯಾಗಿ ಹೋದಳು. ಬ್ರೆಡ್ಡಿನವನು ಮಾತ್ರ ಗೇಟಿನ ಹತ್ತಿರವೇ ಉಳಿದ.

ಮೇಡಂ ಮನೆಗೆ ವಿ.ಸಿ.ಆರ್. ಬಂದ ಮೇಲೆ ಈ ವಾದಕ್ಕೆ ಸಾಕ್ಷ್ಯಾಧಾರ ಸಿಗುವ ಕಾಲ ಬಂತು. ಬೆಂಗಳೂರಿನ ಗೆಳತಿಯೊಬ್ಬರು ಆ ಸಿನಿಮಾದ ಕ್ಯಾಸೆಟ್ಟೊಂದನ್ನು ಹುಡುಕಿ ನಕಲು ಮಾಡಿಸಿ ಕಳಿಸಿದರು. ಮೇಡಂ ಅದರ ಬೆನ್ನಿಗೆ ಬಿಳಿ ಕಾಗದ ಅಂಟಿಸಿ 'ಕ' ಎಂದು ಬರೆದರು. ನಕಲಿನ ನಕಲು, ಅದರ ನಕಲು. ಮಾತೆಲ್ಲ ಫ್ರೆಂಚ್, ಕೆಳಗೆ ಬಿಳಿ ಇಂಗ್ಲಿಷ್ ಅಕ್ಷರ. ಸಿನಿಮಾದಲ್ಲಿ ಹಿಮ ಬಿದ್ದ ಕೂಡಲೇ ಅಕ್ಷರ ಹಿಮದಲ್ಲಿ ಕರಗಿಹೋಗುತ್ತಿತ್ತು. ಆ ಅಕ್ಷರ ಓದಿ ಅತ್ತೆಗೆ ಕೇಳುವಷ್ಟು ಜೋರಾಗಿ ಕನ್ನಡದಲ್ಲಿ ಹೇಳುವ ಕೆಲಸ ನನ್ನದಾಯಿತು.

"ನೋಡಮ್ಮ, ಮೂಲ ಫ್ರೆಂಚು. ಅದರಿಂದ ಇಂಗ್ಲಿಷು, ನಿನ್ನ ಬಾಯಿಂದ ಕನ್ನಡ. ಮೂರನೇ ಕೈ ಪಾಠ ಇದು. ಹುಷಾರಾಗಿ ಹೇಳು" ಎಂದು ಮೇಡಂ ಎಚ್ಚರಿಸುತ್ತಿದ್ದರು.

'ಕ' ಪ್ರತಿಯ ಕೊನೆಯಲ್ಲಿ ಗೇಟು ಎತ್ತಿತು, ಹೆಂಗಸು ನಿಂತಳು, ರಸ್ತೆ ಖಾಲಿ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು ಗಂಡನ ಮುಖ ನೋಡಿದರು. ಡಾಕ್ಟರು ಆಗಷ್ಟೇ ಹೊರಗಿನಿಂದ ಬಂದಿದ್ದರು. ಭಾನುವಾರ ಅವರು ಮನೆಯಲ್ಲಿದ್ದಾರೆಂದು ತಿಳಿದರೆ ಕೇರಿಯ ಎಮ್ಮೆಗಳಿಗೆಲ್ಲ ಹುಷಾರು ತಪ್ಪುತ್ತಿತ್ತು. ಹಾಗಾಗಿ ಒಮ್ಮೆಯೂ ಅವರು ಆ ಸಿನಿಮಾವನ್ನು ಪೂರ್ತಿ ಕೂತು ನೋಡಿದ್ದು ನಾನು ಕಂಡಿರಲಿಲ್ಲ.

"ಕ್ಯಾಸೆಟ್ ಸರಿ ಇಲ್ಲ ಮಾರಾಯ್ತಿ" ಎಂದರು ಡಾಕ್ಟರು, ಟವೆಲಿನಿಂದ ಕೈ ಒರೆಸುತ್ತ.

"ಅದನ್ನೇ ಸೋತವರು ಹೇಳೋದು" ಎಂದರು ಮೇಡಂ.

ಆದರೆ ಮೇಡಂ ಸಂಪಾದಕರು. ಒಂದೇ ಪ್ರತಿಯನ್ನು ನೆಚ್ಚಿ ಕೂರುವುದು ಅವರ ಶಾಸ್ತ್ರದಲ್ಲಿಲ್ಲ. ಪರಿಚಯದವರಿಗೆಲ್ಲ ಹೇಳಿಟ್ಟರು. ಒಂದು ವರ್ಷದ ಮೇಲೆ ಮುಂಬಯಿಯಲ್ಲಿದ್ದ ನೆಂಟರ ಮೂಲಕ 'ಖ' ಪ್ರತಿ ಬಂತು. ಇದರಲ್ಲಿ ಫ್ರೆಂಚರೆಲ್ಲ ಇಂಗ್ಲಿಷ್ ಮಾತಾಡುತ್ತಿದ್ದರು. ತುಟಿ ನಿಂತ ಮೇಲೂ ಮಾತು ಮುಂದುವರಿಯುತ್ತಿತ್ತು. 'ಕ' ಪ್ರತಿಯಲ್ಲಿ ಗೇಟಿನವಳು "ನೀವು ತಡ ಮಾಡಿದಿರಿ" ಎನ್ನುವ ಕಡೆ 'ಖ' ಪ್ರತಿಯಲ್ಲಿ "ರೈಲು ತಡ" ಎನ್ನುತ್ತಿದ್ದಳು. ಈ ಎರಡು ಮಾತುಗಳ ನಡುವೆ ಒಂದು ಸಂಸಾರವೇ ಇದೆ ಎಂಬುದು ಮೇಡಂ ಅವರ ಅಭಿಪ್ರಾಯ. ಯಾವುದು ಮೂಲ ಎಂಬ ಚರ್ಚೆಯಲ್ಲಿ ಆ ಬೇಸಿಗೆ ಕಳೆಯಿತು.

ಕೊನೆಗೆ ಎರಡು ಪ್ರತಿಗಳನ್ನೂ ಜೊತೆಗಿಟ್ಟು ನೋಡಬೇಕೆಂದಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಟಿ.ವಿ. ರಿಪೇರಿ ಅಂಗಡಿಯಿಟ್ಟಿದ್ದವರನ್ನು ಕರೆದು, ಅವರ ಇನ್ನೊಂದು ಟಿ.ವಿ., ಇನ್ನೊಂದು ವಿ.ಸಿ.ಆರ್. ತರಿಸಿ, ನಡುಮನೆಯಲ್ಲಿ ಜೋಡಿಸಿದರು. ಮೇಡಂ ಒಂದರ ಮುಂದೆ, ನಾನು ಒಂದರ ಮುಂದೆ. "ಹೂಂ" ಎಂದ ಕೂಡಲೇ ಇಬ್ಬರೂ ಗುಂಡಿ ಒತ್ತಬೇಕು. ಒತ್ತಿದೆವು. ಎರಡು ಗೇಟು, ಇಬ್ಬರು ಹೆಂಗಸರು, ಎರಡು ವ್ಯಾನು. ಎಡಗಡೆಯವರು ಫ್ರೆಂಚ್, ಬಲಗಡೆಯವರು ಇಂಗ್ಲಿಷ್, ನಡುವೆ ನನ್ನ ಕನ್ನಡ. ಸ್ವಲ್ಪ ಹೊತ್ತಿನಲ್ಲೇ ಬಲಗಡೆಯ ಸಿನಿಮಾ ಮುಂದಕ್ಕೆ ಹೋಗಿಬಿಟ್ಟಿತು. ಯಾರೋ ನಡುವೆ ಒಂದು ದೃಶ್ಯವನ್ನೇ ಹಾರಿಸಿದ್ದರು.

ಮಂಚದ ಮೇಲಿದ್ದ ಅತ್ತೆ ಆಸಕ್ತಿಯಿಂದ ಮುಂದಕ್ಕೆ ಬಾಗಿದರು. ಅವರ ಪಾಲಿಗೆ ಇದು ಒಂದೇ ಸಿನಿಮಾ.

"ಈ ಕಡೆ ರೈಲು ಮುಂದೈತಿ, ಆ ಕಡೇದು ಹಿಂದೈತಿ" ಎಂದರು. "ಡಿಕ್ಕಿ ಹೊಡಿತಾವೇನೆ?"

"ಇಲ್ಲ ಅತ್ತೆ, ಎರಡೂ ಒಂದೇ ರೈಲು."

"ಒಂದೇ ಆದ್ರೆ ಎರಡು ಟಿ.ವಿ. ಯಾಕ್ ತರ್ಸಿದೆ?"

ಮೇಡಂ ಟಿ.ವಿ.ಗೆ ಇನ್ನಷ್ಟು ಹತ್ತಿರ ಸರಿದರು. ಅವರ ಕಣ್ಣೆಲ್ಲ 'ಖ' ಪ್ರತಿಯ ಮೇಲಿತ್ತು. ಕೊನೆಯ ರೈಲು ಬಂತು. ಹೆಂಗಸು ಗೇಟಿನ ಹಿಡಿಗೆ ಕೈ ಹಾಕಿದಳು. ಅಷ್ಟರಲ್ಲಿ ಟಿ.ವಿ. ತುಂಬ ಚುಕ್ಕೆ ಎದ್ದು ಗೊರ್ ಎಂದಿತು. ಕ್ಯಾಸೆಟ್ ಸಾಲದೆ ಕೊನೆ ಕತ್ತರಿಸಿಹೋಗಿತ್ತು.

"ಅಪೂರ್ಣ ಪ್ರತಿ. ಕೊನೇ ಗರಿ ಲುಪ್ತ" ಎಂದು ಮೇಡಂ ನಿಟ್ಟುಸಿರಿಟ್ಟರು. ಹೊರಗೆ ಜಗಲಿಯಲ್ಲಿ ಒಂದು ಕರುವಿನ ಬಾಯಿ ಬಿಡಿಸಿ ನೋಡುತ್ತಿದ್ದ ಡಾಕ್ಟರು ಒಳಗೆ ಕೇಳುವಂತೆ, "ಅವನು ಇದಾನೆ ಕಣೇ" ಎಂದರು.

ಅತ್ತೆಗೆ ಈ ವಾದದಲ್ಲಿ ಆಸಕ್ತಿಯಿರಲಿಲ್ಲ. ಅವರ ದೂರು ಬೇರೆ. ಒಂದು ದಿನ ಅವರೆಕಾಳು ಸುಲಿಯುತ್ತ ನನ್ನೆದುರು ಹೇಳಿದರು. "ನನ್ನ ಮಗ ದೊಡ್ಡ ಆಫೀಸರ್ ಆಗ್ತಿದ್ನವ್ವ. ಬೀದರಿಗೆ ಹಾಕಿದ್ರು. ವಲ್ಲೆ ಅಂದ. ಬಸ್ಸಿಗೆ ಹತ್ತಿದ್ರೆ ಸಂಜೀಗೆ ಮನಿ ಮುಟ್ಟೋ ಊರೇ ಬೇಕು ಅಂದ. ಇನ್ನೂ ಅದೇ ಆನವಟ್ಟಿ, ಅದೇ ಎಮ್ಮಿ." ಒಳಗೆ ಒಗ್ಗರಣೆ ಹಾಕುತ್ತಿದ್ದ ಸೊಸೆಗೆ ಅದು ಕೇಳಿಸಿರಬೇಕು. ಸೌಟಿನ ಸದ್ದು ಸ್ವಲ್ಪ ಜೋರಾಯಿತು.

'ಗ' ಪ್ರತಿಯನ್ನು ತಂದುಕೊಟ್ಟದ್ದು ದೆಹಲಿಯಲ್ಲಿ ನೌಕರಿಯಲ್ಲಿದ್ದ ಮೇಡಂ ಅವರ ಹಳೆಯ ವಿದ್ಯಾರ್ಥಿ. ವಿದೇಶದಲ್ಲಿ ತಯಾರಾದ ಅಸಲು ಕ್ಯಾಸೆಟ್ಟು, ಗಟ್ಟಿ ರಟ್ಟಿನ ಪೆಟ್ಟಿಗೆ. ಅದನ್ನು ಹಾಕಿದರೆ ಚಿತ್ರ ನಿಲ್ಲದೆ ಮೇಲಕ್ಕೆ ಓಡತೊಡಗಿತು. ರಿಪೇರಿಯವರನ್ನು ಕರೆಸಿದೆವು. ಅವರು ಟಿ.ವಿ.ಯ ಹಿಂದೆ ಕೂತು ಏನೋ ತಿರುಗಿಸುತ್ತ ಹೇಳಿದರು:

"ಇದು ಅಮೆರಿಕದ ಲೆಕ್ಕದ ಕ್ಯಾಸೆಟ್ ರೀ ಮೇಡಂ. ನಮ್ಮ ಸೆಟ್ಟಿಗೆ ಹೊಂದಲ್ಲ. ನಿಲ್ಲಿಸಿ ಕೊಡ್ತೀನಿ, ಆದ್ರೆ ಬಣ್ಣ ಬರಲ್ಲ ನೋಡ್ರಿ."

"ಬಣ್ಣ ಇದ್ದರೆ ತಾನೆ ಬರೋಕೆ. ನೀವು ನಿಲ್ಲಿಸಿ."

ನಿಂತಿತು. ಆದರೆ ಚಿತ್ರ ಟಿ.ವಿ.ಯ ನಡುವೆ ಅಡ್ಡಪಟ್ಟಿಯಂತೆ ಕೂತಿತ್ತು, ಮೇಲೂ ಕೆಳಗೂ ಕಪ್ಪು. ರಿಪೇರಿಯವರು ಮತ್ತೆ ತಿರುಗಿಸಿದರು, ತಟ್ಟಿದರು, ವೈರು ಬದಲಿಸಿದರು.

"ಮ್ಯಾಲೆ ಕೆಳಗೆ ಕತ್ತರಿಸ್ಯಾರ್ರೀ ಇದ್ರಲ್ಲಿ. ಮೋಸ ಮಾಡ್ಯಾರೆ."

"ಎರಡು ಕಂಬಳಿ ಹೊದಿಸ್ಯಾರೆ" ಎಂದರು ಅತ್ತೆ. "ಫ್ರಾನ್ಸಿನಾಗೆ ಅಷ್ಟು ಚಳಿ ಇರ್ಬೇಕು."

ರಿಪೇರಿಯವರು ಬೇಜಾರಿನಿಂದಲೇ ಹೊರಟುಹೋದರು. ಅಂದು ಯಾವುದೋ ರಜೆ. ಮಧ್ಯಾಹ್ನದ ಊಟ ಮುಗಿಸಿ ಅತ್ತೆ ಮಲಗಿದರು. ಮೇಡಂ, ನಾನು ಇಬ್ಬರೇ ಕೂತೆವು. ಮೊದಲ ದೃಶ್ಯದಲ್ಲೇ ಮೇಡಂ ಚಿತ್ರ ನಿಲ್ಲಿಸಿದರು.

"ಈ ನಾಯಿ ಎಲ್ಲಿಂದ ಬಂತು?"

ಬಲಗಡೆಯ ಅಂಚಿನಲ್ಲಿ ಒಂದು ನಾಯಿ ಮಲಗಿತ್ತು. 'ಕ' ಪ್ರತಿಯಲ್ಲಿ ನಾಯಿಯಿಲ್ಲ, 'ಖ' ಪ್ರತಿಯಲ್ಲೂ ಇಲ್ಲ. ಮುಂದೆ ಅವಳ ಮನೆಯೊಳಗಿನ ದೃಶ್ಯ. 'ಕ' ಪ್ರತಿಯಲ್ಲಿ ಇಬ್ಬರು ಮೇಜಿಗೆ ಕೂತು ಮಾತಾಡುವಾಗ ನಮಗೆ ಕಾಣುತ್ತಿದ್ದದ್ದು ಮೇಜು, ಈ ಕಡೆ ಒಂದು ಮೂಗು, ಆ ಕಡೆ ಒಂದು ಮೂಗು. ಇದರಲ್ಲಿ ಇಬ್ಬರೂ ಪೂರ್ತಿ ಇದ್ದರು. ಗೋಡೆಯ ಮೇಲೆ ಅವಳ ಸತ್ತ ಗಂಡನ ಫೋಟೋ ಕೂಡ ಇತ್ತು. ಮೇಡಂಗೆ ಅರ್ಥವಾಯಿತು. ಕತ್ತರಿಸಿದ್ದು ಇದರಲ್ಲಲ್ಲ. ಸಿನಿಮಾ ಅಗಲ, ಟಿ.ವಿ. ಚೌಕ. ಅದರಲ್ಲಿ ತುಂಬಿಸಲು ಇಷ್ಟು ದಿನ ನಾವು ನೋಡಿದ ಪ್ರತಿಗಳ ಎರಡೂ ಮಗ್ಗುಲನ್ನು ಕತ್ತರಿಸಿದ್ದರು. ಕಂಬಳಿ ಹೊದ್ದ ಈ ಪ್ರತಿಯಲ್ಲಿ ಮಾತ್ರ ಚಿತ್ರ ಇಡಿಯಾಗಿತ್ತು.

"ಶುದ್ಧ ಪ್ರತಿ" ಎಂದು ಮೇಡಂ ಪಿಸುಗುಟ್ಟಿದರು. ಓಲೆಗರಿ ಸಿಕ್ಕವರ ಸಂತೋಷ ಅವರ ಮುಖದಲ್ಲಿತ್ತು. ಆ ಸಂತೋಷದಲ್ಲಿ ಮುಂದಾಗುವುದನ್ನು ಅವರು ಯೋಚಿಸಿರಲಿಲ್ಲ.

ಕೊನೆಯ ರೈಲು ಹೋಯಿತು. ಗೇಟು ಎದ್ದಿತು. ಹೆಂಗಸು ಕಂಬಕ್ಕೆ ಕೈಯಾನಿಸಿ ನಿಂತಳು. ಎಡಗಡೆಯ ತುತ್ತತುದಿಯಲ್ಲಿ ವ್ಯಾನು ನಿಂತಿತ್ತು. ಅದರ ಪಕ್ಕದಲ್ಲಿ ಒಂದು ಕಲ್ಲಿನ ಮೇಲೆ ಅವನು ಕೂತಿದ್ದ. ಒಂದು ಕಾಲಿನ ಶೂ ಬಿಚ್ಚಿ, ತಲೆಕೆಳಗು ಮಾಡಿ, ಒಳಗೆ ಸೇರಿದ್ದ ಹರಳನ್ನು ಕೊಡವುತ್ತಿದ್ದ. ಯಾವ ಅವಸರವೂ ಇಲ್ಲ.

ಮೇಡಂ ಚಿತ್ರ ನಿಲ್ಲಿಸಿದರು. ನಿಂತ ಚಿತ್ರ ನಡುಗುತ್ತಿತ್ತು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಅವನು ಅಲ್ಲೇ ಇದ್ದ. ಟಿ.ವಿ. ಆರಿಸಿ ಒಳಗೆ ಹೋಗಿ ಉಪ್ಪಿಟ್ಟು ಮಾಡಿ ತಂದರು. ಅದರಲ್ಲಿ ಉಪ್ಪಿರಲಿಲ್ಲ. ನಾನು ತಟ್ಟೆ ಖಾಲಿ ಮಾಡಿದೆ.

ಆ ಶನಿವಾರ ಡಾಕ್ಟರು ಬಂದು "ಹೊಸ ಕ್ಯಾಸೆಟ್ ಬಂದಿದೆಯಂತೆ" ಎಂದರು. ಮೇಡಂ ಸುಳ್ಳು ಹೇಳುವವರಲ್ಲ. "ಬಂದಿದೆ. ಇನ್ನೂ ಪರಿಶೀಲನೆಯಲ್ಲಿದೆ" ಎಂದರು. ಮುಂದಿನ ಶನಿವಾರವೂ ಪರಿಶೀಲನೆಯಲ್ಲಿತ್ತು. ಅದರ ಮುಂದಿನದಕ್ಕೂ. ಕಾಲೇಜಿಗೆ ನಡೆದು ಹೋಗುವಾಗ ನನ್ನೆದುರು ಒಂದೊಂದೇ ಸಂಶಯ ತೆಗೆಯುತ್ತಿದ್ದರು.

"ಅದು ಪ್ರಕ್ಷಿಪ್ತ ಇರಬಹುದಲ್ವ? ಆಮೇಲೆ ಯಾರಾದರೂ ಸೇರಿಸಿದ್ದು?"

"ಯಾರು ಮೇಡಂ? ಫ್ರಾನ್ಸಿಗೆ ಹೋಗಿ ಒಬ್ಬನನ್ನ ಕಲ್ಲಿನ ಮೇಲೆ ಕೂರಿಸಿ ಶೂ ಬಿಚ್ಚಿಸಿ ಬಂದೋರು ಯಾರು?"

ಅವರು ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿ ಸ್ವಲ್ಪ ದೂರ ನಡೆದರು. ಆಮೇಲೆ ಅದುವರೆಗೆ ಎಂದೂ ಹೇಳದ ಒಂದು ಮಾತು ಹೇಳಿದರು.

"ನಾನು ಏಳನೇ ಕ್ಲಾಸಲ್ಲಿದ್ದಾಗ ನಮ್ಮಪ್ಪ ಮನೆ ಬಿಟ್ಟು ಹೋದರು. ಯಾಕೆ ಹೋದರು ಅನ್ನೋದಕ್ಕೆ ಊರಲ್ಲಿ ಮೂರು ಪಾಠ ಇತ್ತು. ಹೋದರು ಅನ್ನೋದರಲ್ಲಿ ಮಾತ್ರ ಪಾಠಾಂತರ ಇರಲಿಲ್ಲ." ಕಾಲೇಜಿನ ಗೇಟು ಬಂತು. "ಆ ಸಿನಿಮಾ ನೋಡಿದಾಗ, ಇವರಿಗೂ ಗೊತ್ತಿದೆಯಲ್ಲ ಇದು, ಅಷ್ಟು ದೂರದವರಿಗೆ, ಅಂತ ಅನ್ನಿಸಿತ್ತು. ಈಗ ನೋಡಿದರೆ ಅವನು ಶೂ ಕೊಡವ್ತಾ ಕೂತಿದಾನೆ."

ನಾನು ಗೇಟು ತಳ್ಳಿ ಹಿಡಿದೆ. ಅವರೇ ಮುಂದುವರಿಸಿದರು.

"ಆಧಾರ ಸಿಕ್ಕ ಮೇಲೆ ಮುಚ್ಚಿಡಬಾರದು. ಸಂಪಾದಕರು ಅನ್ನಿಸಿಕೊಂಡೋರು ಹಾಗೆ ಮಾಡಬಾರದು."

ಆ ವಾರ ಸೊರಬದ ಕಡೆಯ ಹಳ್ಳಿಗಳಲ್ಲಿ ದನಗಳಿಗೆ ಕಾಲುಬಾಯಿ ಜ್ವರ ಹಬ್ಬಿತ್ತು. ಡಾಕ್ಟರಿಗೆ ಊರಿಗೆ ಬರಲು ಬಿಡುವಿಲ್ಲ. ಮೇಡಂ ಕಾಯಲಿಲ್ಲ. ಭಾನುವಾರ ಬೆಳಿಗ್ಗೆ ವಿ.ಸಿ.ಆರ್. ಅನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಕ್ಯಾಸೆಟ್ಟನ್ನು ವ್ಯಾನಿಟಿ ಬ್ಯಾಗಿಗೆ ಹಾಕಿ, ನನ್ನನ್ನೂ ಹೊರಡಿಸಿದರು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕು. ಎರಡನೆಯ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಹೇಗೋ ಸಿಕ್ಕ ಸೀಟಿನಲ್ಲಿ ಗಂಟನ್ನು ಮಗುವಿನಂತೆ ಮಡಿಲಲ್ಲಿ ಹಿಡಿದು ಕೂತ ಮೇಡಂ ಅವರನ್ನು ಕಂಡಕ್ಟರ್ ಕೇಳಿದ:

"ಏನ್ರೀ ಮೇಡಂ ಅದು, ಹಾರ್ಮೋನಿಯಮ್ಮಾ?"

"ಅಲ್ಲಪ್ಪ, ಸಾಕ್ಷಿ" ಎಂದರು ಮೇಡಂ.

ಕೋರ್ಟಿನ ವಿಷಯವಿರಬೇಕೆಂದು ಕಂಡಕ್ಟರ್ ಮುಂದಿನವರ ಟಿಕೆಟ್ಟಿಗೆ ಹೋದ.

ಆನವಟ್ಟಿಯ ಕ್ವಾರ್ಟರ್ಸಿನಲ್ಲಿ ಡಾಕ್ಟರು ಮೊಣಕಾಲುದ್ದದ ಬೂಟು ಕಳಚುತ್ತಿದ್ದರು. ಹೆಂಡತಿ ಹೇಳದೆ ಕೇಳದೆ ಬಂದದ್ದು ನೋಡಿ ಗಾಬರಿಯಿಂದ ಎದ್ದರು.

"ಅವ್ವಂಗೆ ಏನಾರ…"

"ಅತ್ತೆ ಚೆನ್ನಾಗಿದಾರೆ. ನೀವು ಹೇಳಿದ್ದೇ ಸರಿ ರೀ. ಅವನು ಹೋಗಲಿಲ್ಲ."

ಡಾಕ್ಟರು ಹಿಗ್ಗಬಹುದೆಂದು ನಾನು ಅಂದುಕೊಂಡಿದ್ದೆ. ಅವರ ಮುಖ ಬಿಳುಚಿಕೊಂಡಿತು. ಮೇಡಂ ಗಂಟು ಬಿಚ್ಚಿ ವೈರು ಜೋಡಿಸಿದರು. ಅಲ್ಲಿಯ ಟಿ.ವಿ.ಯಲ್ಲೂ ಚಿತ್ರ ಮೇಲಕ್ಕೆ ಓಡಿತು. ರಿಪೇರಿಯವರು ಮಾಡಿದ್ದನ್ನು ನೋಡಿ ಕಲಿತಿದ್ದ ಮೇಡಂ ಹಿಂದೆ ಕೈ ಹಾಕಿ ತಿರುಗಿಸಿ ನಿಲ್ಲಿಸಿದರು. ಕೊನೆಯ ದೃಶ್ಯ ಬಂತು. ಎಡಗಡೆಯ ಅಂಚಿಗೆ ಬೆರಳಿಟ್ಟರು.

"ಇಗೋ."

ಡಾಕ್ಟರು ಟಿ.ವಿ.ಯ ಹತ್ತಿರ ಬಗ್ಗಿ ಆ ಪುಟ್ಟ ಆಕೃತಿಯನ್ನು ನೋಡಿದರು. ಅದು ಶೂ ಕೊಡವಿತು. ಅವರು ಮೆಲ್ಲಗೆ ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಮೇಲೆ ಕುರ್ಚಿಯಲ್ಲಿ ಕುಸಿದು ಕೂತು ಹೇಳಿದರು:

"ನಾನು ಕೊನೆ ನೋಡೇ ಇರ್ಲಿಲ್ಲ ಮಾರಾಯ್ತಿ."

"ಏನು?"

"ಹಿಂದಿನ ರಾತ್ರಿ ಇಡೀ ಒಂದು ಹಸು ಈಯಕ್ಕೆ ಆಗದೆ ಒದ್ದಾಡಿತ್ತು. ಕಣ್ಣಿಗೆ ಕಣ್ಣು ಹತ್ತಿರ್ಲಿಲ್ಲ. ಸಿನಿಮಾದಲ್ಲಿ ನಿದ್ದೆ ಬಂದುಬಿಡ್ತು."

"ಯಾವಾಗಿನಿಂದ?"

"ಹೆಸರು ಬರೋವಾಗ್ಲೇ."

ಮೇಡಂ ಕನ್ನಡಕ ತೆಗೆದರು. ಒರೆಸುವುದನ್ನು ಮರೆತು ಕೈಯಲ್ಲೇ ಹಿಡಿದುಕೊಂಡರು.

"ಮತ್ತೆ ಇದಾನೆ, ಇದಾನೆ ಅಂತ ಇಷ್ಟು ವರ್ಷ ಹೇಳಿದಿರಲ್ಲ. ಯಾವ ಆಧಾರದ ಮೇಲೆ?"

"ಆಧಾರ ಎಂತದೂ ಇಲ್ಲ. ಬಸ್ಸಲ್ಲಿ ನೀನು ಹೋದ ಅಂದೆ. ಹೌದು ಅಂದಿದ್ರೆ ಮಾತು ಅಲ್ಲಿಗೇ ಮುಗೀತಿತ್ತು. ಬಸ್ಸು ಇನ್ನೂ ಮಲ್ಲೇಶ್ವರ ದಾಟಿರ್ಲಿಲ್ಲ. ಅದಕ್ಕೇ ಇಲ್ಲ ಅಂದೆ." ಅವರು ತಲೆ ತಗ್ಗಿಸಿದರು. "ಆಮೇಲೆ ನಿದ್ದೆ ಮಾಡಿದ್ದೆ ಅಂತ ಹೇಳೋದು ಹೆಂಗೆ?"

ನಾನು ಗೋಡೆಯ ಮೇಲಿದ್ದ ಹಸುವಿನ ಕಾಯಿಲೆಗಳ ಪೋಸ್ಟರ್ ಓದುವವಳಂತೆ ನಿಂತೆ. ಮೇಡಂ ಅವರ ಸಿಟ್ಟು ಏರುವುದು ಕೇಳಿಸುತ್ತಿತ್ತು.

"ಊಹಾಪಾಠ" ಎಂದರು. "ಕಣ್ಣು ತೆರೆದು ನೋಡಿದ ನಾನು ತಪ್ಪು. ನಿದ್ದೆ ಹೊಡೆದ ನೀವು ಸರಿ. ಇದು ಯಾವ ಶಾಸ್ತ್ರ ರೀ?"

"ನಾನೇನು ಸರಿ ಅಂತ ಈಗ ಹೇಳಿದ್ನಾ?"

"ಕೂತ್ಕೊಳ್ಳಿ. ಮೊದಲಿಂದ ನೋಡಿ."

ಟೇಪನ್ನು ಹಿಂದಕ್ಕೆ ಸುತ್ತಿ ಮೊದಲಿನಿಂದ ಹಾಕಿದರು. ಡಾಕ್ಟರು ತಪ್ಪು ಮಾಡಿದ ಹುಡುಗನಂತೆ ನೆಟ್ಟಗೆ ಕೂತರು. ಮೇಡಂ ಪಕ್ಕದಲ್ಲಿ ಕೂತು, ರೆಪ್ಪೆ ಭಾರವಾದಂತೆ ಕಂಡಾಗಲೆಲ್ಲ ಮೊಣಕೈಯಿಂದ ತಿವಿದರು. ನಾನು ಅಕ್ಷರ ಓದಿ ಕನ್ನಡದಲ್ಲಿ ಹೇಳಿದೆ. ಆದರೆ ಸ್ವಲ್ಪ ಹೊತ್ತಿನ ಮೇಲೆ ತಿವಿಯುವ ಅಗತ್ಯ ಬೀಳಲಿಲ್ಲ. ಯಾರೋ ಎಮ್ಮೆ ಹೊಡೆದುಕೊಂಡು ಬಂದು ಹೊರಗಿನಿಂದ ಕೂಗಿದರೆ, ಡಾಕ್ಟರು ಟಿ.ವಿ.ಯಿಂದ ಕಣ್ಣು ಕೀಳದೆ "ಸ್ವಲ್ಪ ತಡ್ಕಳಿ, ರೈಲು ಬರ್ತಾ ಇದೆ" ಎಂದರು. ಅವಳು "ನೀವು ತಡ ಮಾಡಿದಿರಿ" ಎಂದಾಗ "ಅಯ್ಯೋ ಪಾಪ" ಎಂದರು.

ಸಿನಿಮಾ ಮುಗಿಯಿತು. ಡಾಕ್ಟರು ಹೊರಗೆ ಹೋಗಿ ಎಮ್ಮೆಗೆ ಸೂಜಿ ಹಾಕಿ, ಕೈ ತೊಳೆದು, ಒಳಗೆ ಬಂದು ನಿಂತರು. ಏನೋ ಯೋಚಿಸುತ್ತಿದ್ದರು.

"ಅಲ್ಲ ಕಣೇ" ಎಂದರು ಕೊನೆಗೆ. "ಅವನು ಹೋಗ್ತಾನೆ."

"ಏನಂದಿರಿ?"

"ಶೂ ಒಳಗಿನ ಹರಳು ತೆಗೀತಾ ಇದಾನಲ್ಲ. ಕಾಲಿಗೆ ಕಲ್ಲು ಸಿಕ್ಕಿದ ಎತ್ತು ಇದ್ದಲ್ಲೇ ನಿಲ್ತದೆ. ಗೊರಸಿಂದ ಕಲ್ಲು ತೆಗೆದ ಕೂಡ್ಲೇ ಹೊರಡ್ತದೆ. ದಿನಾ ನೋಡ್ತೀನಿ ನಾನು. ಉಳಿಯೋನಾದ್ರೆ ಅವನು ಶೂ ಉಸಾಬರಿಗೇ ಹೋಗ್ತಿರ್ಲಿಲ್ಲ. ಅವನು ಹೊರಡಕ್ಕೆ ತಯಾರಾಗ್ತಾ ಇದಾನೆ. ನೀನು ಮೊದಲಿಂದ ಹೇಳಿದ್ದೇ ಸರಿ. ಹೋಗ್ತಾನೆ."

ಮೇಡಂ ವಿ.ಸಿ.ಆರ್.ಗೆ ಸೀರೆ ಸುತ್ತುತ್ತಿದ್ದವರು ನಿಲ್ಲಿಸಿದರು.

"ಇಲ್ಲ ರೀ. ಕೊನೇ ಚಿತ್ರದಲ್ಲಿ ಅವನು ಇದಾನೆ. ಪ್ರತಿಯಲ್ಲಿ ಇದ್ದದ್ದನ್ನ ಇದೆ ಅನ್ನಬೇಕು. ಆಮೇಲೆ ಏನಾಯ್ತು ಅನ್ನೋದು ನಮ್ಮ ಊಹೆ."

"ಗೊರಸಿನ ವಿಷಯ ನಿನಗೆ ಗೊತ್ತಿಲ್ಲ."

"ಪಾಠದ ವಿಷಯ ನಿಮಗೆ ಗೊತ್ತಿಲ್ಲ. ಇದಾನೆ."

"ಹೋಗ್ತಾನೆ ಮಾರಾಯ್ತಿ."

ಊಟ ಮಾಡುವಾಗಲೂ ಅದೇ. ಸಂಜೆ ಬಸ್ಸಿಗೆಂದು ಆನವಟ್ಟಿಯ ಬೀದಿಯಲ್ಲಿ ನಡೆದು ಬರುವಾಗಲೂ ಅದೇ. ವಿ.ಸಿ.ಆರ್. ಗಂಟು ಡಾಕ್ಟರ ಹೆಗಲಿಗೆ ಜೋತುಬಿದ್ದಿತ್ತು. ಎದುರು ಸಿಕ್ಕವರೆಲ್ಲ ಡಾಕ್ಟರಿಗೆ ನಮಸ್ಕಾರ ಹೇಳುತ್ತಿದ್ದರು. ಅವರು ಒಂದು ಕೈಯಲ್ಲಿ ಅದನ್ನು ಸ್ವೀಕರಿಸುತ್ತ ಇನ್ನೊಂದು ಕೈಯಲ್ಲಿ ಎತ್ತಿನ ಗೊರಸಿನ ಆಕಾರ ತೋರಿಸುತ್ತಿದ್ದರು. ಬಸ್ಸು ಬಂತು. ನಮಗೆ ಹಿಂದಿನ ಸೀಟು ಸಿಕ್ಕಿತು. ಡಾಕ್ಟರು ಗಂಟನ್ನು ಕಿಟಕಿಯಿಂದ ಒಳಗೆ ಕೊಟ್ಟು, "ಶನಿವಾರ ಬರ್ತೀನಿ, ಆವಾಗ ಹೇಳ್ತೀನಿ" ಎಂದರು.

ಕಂಡಕ್ಟರ್ ಗಂಟೆ ಎಳೆದ. ಮೇಡಂ ಮುಂದಕ್ಕೆ ಮುಖ ಮಾಡಿ, ಸೆರಗು ಸರಿಪಡಿಸಿಕೊಂಡು, ಗಂಟನ್ನು ಮಡಿಲಲ್ಲಿ ಭದ್ರ ಮಾಡಿಕೊಂಡರು. ಬಸ್ಸು ಸಂತೆ ಮೈದಾನದ ತನಕ ಬಂದ ಮೇಲೆ, ಹಿಂದಕ್ಕೆ ತಿರುಗದೆಯೇ ನನ್ನನ್ನು ಕೇಳಿದರು.

"ನಿಂತಿದಾರಾ?"

ನಾನು ಹಿಂದಿನ ಗಾಜಿನಲ್ಲಿ ನೋಡಿದೆ. ರಸ್ತೆ ಪಕ್ಕದಲ್ಲಿ, ಲುಂಗಿ ಎತ್ತಿ ಕಟ್ಟಿ, ಸೊಂಟದ ಮೇಲೆ ಕೈಯಿಟ್ಟು, ಡಾಕ್ಟರು ಬಸ್ಸನ್ನೇ ನೋಡುತ್ತಿದ್ದರು.

"ನಿಂತಿದಾರೆ ಮೇಡಂ."

"ಮತ್ತೆ?" ಎಂದರು ಮೇಡಂ.